ಪಕ್ಕದ ಕುರ್ಚಿಯಲ್ಲಿ ನಿನ್ನ ಮಗಳು

ಪ್ರೀತಿಯ ಡೋರೀನ್,

ನೀನಿಲ್ಲದ ಮೊದಲ ಏಪ್ರಿಲ್ ಇದು. ಇವತ್ತು ನಮ್ಮೂರ ಬೇಸ್‌ಬಾಲ್ ಮೈದಾನದಲ್ಲಿ ಈ ವರ್ಷದ ಮೊದಲ ಆಟವಿತ್ತು. ನದಿಯಿಂದ ಎದ್ದ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ದೂರದ ಆಟಗಾರರು ಹುಲ್ಲಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದರು. ನಾವು ಮಾತು ಬಿಟ್ಟ ಮೇಲೂ ನಾನು ಜಾಗ ಬದಲಿಸಿರಲಿಲ್ಲ. ಇವತ್ತೂ ಪಕ್ಕದ ನಿನ್ನ ಕುರ್ಚಿಗೆ ಬಂದವರಿಗೆಲ್ಲ “ಇಲ್ಲಿ ಜನ ಇದಾರೆ” ಎನ್ನುತ್ತಿದ್ದೆ.

ಆಗ ನಿನ್ನ ಟೋಪಿ ಹಾಕಿಕೊಂಡು ನಿನ್ನ ಮಗಳು ಟೆಸ್ಸಾ ಬಂದಳು.

“ಆರ್ಲೀನ್ ನೀವೇ ತಾನೆ? ಅಂಪೈರ್‌ಗೆ ಯಾರು ಜೋರಾಗಿ ಬೈತಿರ್ತಾರೋ ಅವರ ಪಕ್ಕ ಕೂತ್ಕೋ ಅಂದಿದ್ಲು ಅಮ್ಮ. ನೀವು ನೋಡಿದ್ರೆ ಸುಮ್ನೆ ಕೂತಿದೀರ!”

“ಗಂಟಲು ಕೆಟ್ಟಿದೆ ಕಣೇ,” ಎಂದು ನಾನು ಹೊದ್ದಿದ್ದ ಕಂಬಳಿಯಲ್ಲಿ ಅರ್ಧ ಅವಳಿಗೆ ಕೊಟ್ಟೆ.

“ಆಸ್ಪತ್ರೇಲಿ ಬಾಗಿಲು ಸದ್ದಾದಾಗೆಲ್ಲ ಅಮ್ಮ ನೀವು ಬಂದ್ರೇನೋ ಅಂತ ನೋಡೋಳು,” ಎಂದಳು, ತಿನ್ನುತ್ತಿದ್ದ ಹಾಟ್‌ಡಾಗ್‌ನ ಸಾಸಿವೆ ಸಾಸನ್ನು ತುಟಿಯಿಂದ ಒರೆಸಿಕೊಳ್ಳುತ್ತ.

ನಾನು ಆಟ ನೋಡಿದೆ. ಚೆಂಡು ಬಿಳಿಯ ಆಕಾಶಕ್ಕೆ ಏರಿ, ಎಷ್ಟೋ ಹೊತ್ತು ಕೆಳಗೆ ಬರಲೇ ಇಲ್ಲ ಎನಿಸಿತು.

ಆಮೇಲೆ ನಮ್ಮ ಆಟಗಾರನೊಬ್ಬ ಚೆಂಡು ಬರುವ ಮೊದಲೇ ಬೇಸ್ ಮುಟ್ಟಿದ್ದರೂ ಅಂಪೈರ್ ಔಟ್ ಕೊಟ್ಟ.

“ಏಯ್, ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ?”

ಪಕ್ಕದಿಂದ ಬಂದ ಕೂಗಿನಲ್ಲಿ ನಿನ್ನದೇ ಒಡಕು ಧ್ವನಿ, ಕೊನೆಗೆ ನಿನ್ನದೇ ನಗು. ಬಿಯರ್ ಮಾರುವ ವೆಂಡೆಲ್ ಗಕ್ಕನೆ ನಿಂತು ನಮ್ಮತ್ತ ನೋಡಿದ.

ನಾನು ಮಾತ್ರ ತಿರುಗಲಿಲ್ಲ. ತಿರುಗದೆ ಇರುವಷ್ಟು ಹೊತ್ತು ಅದು ನೀನೇ ಆಗಿದ್ದೆ. ಮೈದಾನದ ಕಡೆ ನೋಡುತ್ತಲೇ ಪಕ್ಕದ ಕೈಯನ್ನು ಹಿಡಿದುಕೊಂಡೆ. ಟೆಸ್ಸಾ ಕೈ ಬಿಡಿಸಿಕೊಳ್ಳಲಿಲ್ಲ.

ಆರ್ಲೀನ್