ವಾರಗಿತ್ತಿಗೆ ಇಟ್ಟ ಮೆತ್ತನೆ ಪ್ಯಾಡು

ಶ್ರಾವಣಿ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ನಿನ್ನ ಭಾವನ ಜೊತೆ ರೇಷ್ಮೆ ಸೊಪ್ಪು ತರೋಕೆ ಅಮರಾಪುರದ ಕಡೆ ಹೊರಟೆ. ಸಂಜೆಗೆ ಬತ್ತೀನಿ.

ಆ ಹೊಸ ಕಂಪನಿ ಪ್ಯಾಡು ಇನ್ನು ಹಾಕ್ಕೋಬೇಡ. ನಿನ್ನೆ ನೀನು ನಡೆಯೋದು ನೋಡಿದ್ರೇ ಗೊತ್ತಾಯ್ತು, ತೊಡೆ ಸಂದು ಉರೀತೈತೆ ಅಂತ. ಕೇಳಿದ್ರೆ "ಏನಿಲ್ರಿ ಅಕ್ಕ" ಅಂತೀಯ. ನಿನ್ನ ತವರು ರಾಯದುರ್ಗದೋರೆಲ್ಲ ಹಿಂಗೇನಾ? ತಣ್ಣೀರಲ್ಲಿ ತೊಳ್ಕೊ, ಸೋಪು ಬೇಡ.

ನನ್ನ ಬೀರುವಿನಲ್ಲಿ ಸೀರೆ ಕೆಳಗೆ ಮೆತ್ತನೆ ಹತ್ತಿ ಪ್ಯಾಡು ಅವೆ. ಸೆಂಟಿನ ವಾಸನೆ ಇಲ್ಲ. ಮೊದಲು ಒಂದು ಹಾಕ್ಕೊಂಡು ನೋಡು, ಹಿತವಾದ್ರೆ ಎಲ್ಲಾ ತಗೊ. ಜಾಸ್ತಿ ನೆನೆದಿಲ್ಲ ಅಂತ ಬೆಳಗಿಂದ ಸಂಜೆತಂಕ ಒಂದನ್ನೇ ಇಟ್ಕೋಬೇಡ.

ಆಪರೇಷನ್ನಿಗೆ ಮುಂಚೆ ತಂದಿದ್ದವು ಅವು. ಗರ್ಭಕೋಶ ತೆಗೆದ ಮೇಲೆ ಬಿಸಾಕೋಣ ಅಂತ ಎಷ್ಟೋ ಸಲ ಕೈಗೆ ತಗೊಂಡೆ, ಮನಸ್ಸು ಬರಲಿಲ್ಲ.

ಮುಟ್ಟಾದಾಗ ರೇಷ್ಮೆ ಹುಳದ ಮನೆಗೆ ಕಾಲಿಡಬೇಡ ಅಂತ ಅತ್ತೆ ನಿನ್ನ ಜಗಲಿ ಮೇಲೆ ಕೂರಿಸಿದ್ದಕ್ಕೆ ಅತ್ತಿದ್ದೀಯ. ಮುಂಚೆ ನಾನೂ ಅಲ್ಲೇ ಕೂತು ಅಳ್ತಿದ್ದೆ. ಈಗ ನನ್ನ ಯಾರೂ ಹೊರಗೆ ಕೂರಿಸಲ್ಲ. ತಿಂಗಳಿಡೀ ಬಿಡುವಿಲ್ಲ, ನೀನು ಹೊರಗೆ ಕೂತ ದಿನ ಒಳಗೆ ಒಬ್ಬಳೇ ಹುಳಕ್ಕೆ ಸೊಪ್ಪು ಹಾಕ್ತೀನಿ, ಮಾತಾಡೋಕೆ ಯಾರೂ ಇರಲ್ಲ.

ಇವತ್ತು ಬಂದ ಮೇಲೆ ನಾನೂ ಜಗಲಿಗೆ ಬಂದು ನಿನ್ನ ಪಕ್ಕ ಕೂತ್ಕೊಂತೀನಿ. ಅತ್ತೆ ಏನಾದ್ರೂ ಅನ್ನಲಿ.

ನಿಮ್ಮಕ್ಕ, ನಾಗವೇಣಿ