ಎದುರು ಬಾಗಿಲು ಬಡಿದದ್ದು ಯಾರು?

ಮನರಂಜನಾ ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಬಾಗಿಲು ಬಡಿದದ್ದು ಯಾರು? ನಾನು ಕೇಳುವುದು ಇದೊಂದೇ ಪ್ರಶ್ನೆ. ಭಾನುವಾರ ಸಂಜೆ ಏಳಕ್ಕೆ ನೀವು ತೋರಿಸುತ್ತಿದ್ದ ವಠಾರದ ಹಾಸ್ಯ ಧಾರಾವಾಹಿಯ ಎರಡನೇ ಸರಣಿ ಮುಗಿದು ಮೂರು ವರ್ಷ ಹನ್ನೊಂದು ತಿಂಗಳಾಯಿತು. ನಿಮಗೆ ಮರೆತಿರಬಹುದು, ನೆನಪಿಸುತ್ತೇನೆ. ಆ ವಠಾರದ ಎದುರು ಬಾಗಿಲಿನ ಚಿಲಕ ತುಕ್ಕು ಹಿಡಿದು ಕೂತಿತ್ತು. ಮಾಲಕರು ಆಚಾರಿಯನ್ನು ಕರೆಸದ ಜಿಪುಣರು. ಹಾಗಾಗಿ ಹಾಲಿನವನಿಂದ ಹಿಡಿದು ಮದುವೆ ದಿಬ್ಬಣದವರೆಗೆ ಎಲ್ಲರೂ ಹಿತ್ತಿಲಿನಿಂದ ಬಂದು ಅಡುಗೆಮನೆ ದಾಟಿಯೇ ಒಳಗೆ ಹೋಗಬೇಕು. ಕೊನೆಯ ಕಂತಿನ ಕೊನೆಯ ನಿಮಿಷದಲ್ಲಿ ಯಾರೋ ಎದುರು ಬಾಗಿಲನ್ನೇ ಬಡಿದರು. ಮಾಲಕರು ಎಂಜಲು ಕೈಯಲ್ಲಿ ಎದ್ದು ನಿಂತು "ಯಾರು?" ಎಂದರು. ಅಷ್ಟರಲ್ಲಿ ತಾವು "ಶೀಘ್ರದಲ್ಲೇ ಮತ್ತೆ ಭೇಟಿ" ಎಂಬ ಅಕ್ಷರಗಳನ್ನು ತೋರಿಸಿ ಹೊರಟುಹೋದಿರಿ.

ಹಿಂದೆ ದೆವ್ವ ಬಾರದಿರಲೆಂದು ಜನ ಮನೆಬಾಗಿಲಲ್ಲಿ "ನಾಳೆ ಬಾ" ಎಂದು ಬರೆಯುತ್ತಿದ್ದರಂತೆ. ತಾವು ಅದನ್ನೇ ನೋಡುಗರಿಗೆ ಬರೆದಿದ್ದೀರಿ. ಮೊದಲ ಸರಣಿಗೂ ಎರಡನೆಯದಕ್ಕೂ ನಡುವೆ ಎರಡು ವರ್ಷ ಕಾಯಿಸಿದಿರಿ. ಆಗ ನಾವು ಸಹಿಸಿಕೊಂಡೆವು. ಈ ಬಾರಿ ನನ್ನ ಮಗಳು ಮೋಕ್ಷಿತಾ ನಿಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದಳು. ನಮ್ಮ ಕರೆ ನಿಮಗೆ ಅಮೂಲ್ಯವೆಂದು ನಾಲ್ಕು ಸಲವೂ ಒಂದು ಯಂತ್ರ ಹೇಳಿತು. ಎರಡು ಪತ್ರ ಹಾಕಿದೆವು. ಅಷ್ಟು ಅಮೂಲ್ಯವಾದ ನಮಗೆ ಒಂದು ಸಾಲಿನ ಉತ್ತರ ಬರೆಯಲು ನಿಮ್ಮಲ್ಲಿ ಯಾರಿಗೂ ಪುರುಸೊತ್ತು ಸಿಗಲಿಲ್ಲವೇ?

ನನ್ನ ಗಂಡ ಚೆನ್ನಕೇಶವ ಪುತ್ತೂರು–ಸುಳ್ಯ ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ಖಾಸಗಿ ಬಸ್ಸಿನ ಸಮಯವೆಂದರೆ ಏನೆಂದು ತಮಗೆ ತಿಳಿಯದು. ಜಾಲ್ಸೂರಿನಿಂದ ಎರಡು ನಿಮಿಷ ತಡವಾಗಿ ಹೊರಟರೆ ಹಿಂದಿನ ಬಸ್ಸಿನವರು ಸುಳ್ಯದಲ್ಲಿ ಅಡ್ಡ ನಿಂತು ಜಗಳ ತೆಗೆಯುತ್ತಾರೆ. ಇಪ್ಪತ್ತಾರು ವರ್ಷ ಆ ಮನುಷ್ಯ ನಿಮಿಷ ಎಣಿಸಿ ಬದುಕಿದರು. ಮನೆಯಲ್ಲೂ ಚಾ ಕುಡಿಯುವಾಗ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. "ಶೀಘ್ರದಲ್ಲೇ" ಎಂದು ಬೋರ್ಡು ಬರೆದು ಅವರು ಒಂದು ದಿನ ಬಸ್ಸು ನಿಲ್ಲಿಸಿದ್ದರೆ ಪ್ರಯಾಣಿಕರು ಟಯರಿನ ಗಾಳಿ ತೆಗೆಯುತ್ತಿದ್ದರು. ಅಂಥವರನ್ನು ತಾವು ಮೂರು ವರ್ಷ ಕಾಯಿಸಿದಿರಿ. ಅವರು ಒಮ್ಮೆಯೂ ನಿಮ್ಮನ್ನು ಬೈಯಲಿಲ್ಲ. ಒಳ್ಳೆಯದು ಮಾಡಲು ಹೊತ್ತು ಬೇಕು ಎಂದು ನಿಮ್ಮ ಪರವಾಗಿ ನನ್ನೊಡನೆಯೇ ವಾದಿಸಿದರು.

ಅವರದ್ದು ಮಾತು ಕಡಿಮೆ. ನಗು ಇನ್ನೂ ಕಡಿಮೆ. ನಾವಿಬ್ಬರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆದರೆ ಭಾನುವಾರದ ಆ ಅರ್ಧ ಗಂಟೆ ಅವರು ಸದ್ದು ಮಾಡಿ ನಗುತ್ತಿದ್ದರು, ನಕ್ಕಾಗ ನನ್ನ ಕಡೆ ತಿರುಗಿ ನಾನು ನಕ್ಕೆನೋ ಎಂದು ನೋಡುತ್ತಿದ್ದರು. ನನಗೆ ಬೇಕಾಗಿದ್ದದ್ದು ನಿಮ್ಮ ಧಾರಾವಾಹಿಯಲ್ಲ, ಅವರ ಆ ತಿರುಗುವಿಕೆ. ಸರಣಿ ನಿಂತ ಮೇಲೂ ಬಾಗಿಲ ವಿಚಾರ ನಮ್ಮ ಮಾತಿಗೆ ಒಂದು ನೆಪವಾಗಿ ಉಳಿಯಿತು. ಊಟಕ್ಕೆ ಕೂತಾಗ ಅವರು ಹೊಸ ಊಹೆಯೊಂದನ್ನು ಹೇಳುವರು, ನಾನು ಅಲ್ಲಗಳೆಯುವೆ. ಅವರ ಬಸ್ಸಿನ ಕಂಡಕ್ಟರ್ ಮೂಸಕುಂಞಿಯವರದ್ದು ಬೇರೆಯೇ ವಾದ: ಬಡಿದದ್ದು ಹೊರಗಿನವರಲ್ಲ, ಅಡುಗೆಮನೆ ಸುತ್ತಿ ಸಾಕಾದ ಬಾಡಿಗೆಯವರೇ ಎಂದು. ಈ ಚರ್ಚೆಗೆ ಸೀಟಿನಲ್ಲಿದ್ದ ಪ್ರಯಾಣಿಕರೂ ಸೇರುತ್ತಿದ್ದರಂತೆ.

ಕಳೆದ ವರ್ಷ ಅವರ ಕಿಡ್ನಿ ಎರಡೂ ಕೈಕೊಟ್ಟವು. ಸ್ಟೀಯರಿಂಗ್ ಬಿಡಬೇಕಾಯಿತು. ಕೊನೆಯ ಹದಿನೈದು ದಿನ ಪುತ್ತೂರಿನ ಆಸ್ಪತ್ರೆಯಲ್ಲಿದ್ದೆವು. ನಮ್ಮ ಮನೆಮಾತು ಅರೆಭಾಷೆ. ಅಲ್ಲಿ ಆಡಿದ್ದನ್ನು ನಿಮಗೆ ತಿಳಿಯಲೆಂದು ಕನ್ನಡದಲ್ಲೇ ಬರೆಯುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಅವರು ಕಣ್ಣು ತೆರೆದು, ನಿನ್ನೆ ಭಾನುವಾರವಲ್ಲವಾ, ಅದು ಶುರುವಾಯಿತಾ ಎಂದು ಕೇಳಿದರು. ಎಷ್ಟು ದಿನವೆಂದು ಇಲ್ಲ ಎನ್ನುವುದು? ಶುರುವಾಯಿತು, ಮೋಕ್ಷಿತಾ ಮನೆಯಲ್ಲಿ ನೋಡಿ ಫೋನ್ ಮಾಡಿದ್ದಳು ಎಂದು ಸುಳ್ಳು ಹೇಳಿದೆ.

"ಯಾರಂತೆ?" ಎಂದು ಕೇಳಿದರು.

ನಾನು ಉತ್ತರವನ್ನು ಮೊದಲೇ ಯೋಚಿಸಿಟ್ಟಿರಲಿಲ್ಲ. ಮಗಳು ಫೋನ್ ಮಾಡಿದ್ದು ನಿಜ, ಆದರೆ ಮನೆಗೆ ಗ್ಯಾಸಿನವನು ಬಂದಿದ್ದಾನೆ, ಗ್ಯಾಸಿನ ಪುಸ್ತಕ ಎಲ್ಲಿ ಉಂಟು ಎಂದು ಕೇಳಲು. ಬಾಯಿಗೆ ಅದೇ ಬಂತು.

"ಗ್ಯಾಸಿನವ."

ಅವರು ನನ್ನ ಮುಖ ನೋಡಿದರು. "ಗ್ಯಾಸಿನವನಾ? ಇಷ್ಟಕ್ಕೆ ಮೂರು ವರ್ಷ ಬೇಕಿತ್ತಾ?" ಎಂದರು. ಆಮೇಲೆ ಗೋಡೆಯ ಕಡೆ ಮಗ್ಗುಲಾದರು. ಮಾನ್ಯರೇ, ಹಾಸ್ಯ ಬರೆಯುವುದು ಕಷ್ಟವೆಂದು ನನಗೆ ಆಗ ಗೊತ್ತಾಯಿತು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಅವರಿಗೆ ಹಳಸಿದ್ದನ್ನು ಬಡಿಸಿದವಳಲ್ಲ. ಅಂದು ಬಡಿಸಿದೆ.

ಮಧ್ಯಾಹ್ನ ಮೂಸಕುಂಞಿ ನೋಡಲು ಬಂದರು. ಬಡಿದದ್ದು ಗ್ಯಾಸಿನವನಂತೆ ಎಂದು ಇವರು ಗೋಡೆ ನೋಡುತ್ತಲೇ ಹೇಳಿದರು. ಧಾರಾವಾಹಿ ಶುರುವಾಗಿಲ್ಲವೆಂದು ಮೂಸಕುಂಞಿಗೆ ಚೆನ್ನಾಗಿ ಗೊತ್ತು. ಅವರು ನನ್ನ ಮುಖ ನೋಡಿದರು, ಮಂಚದ ಪಕ್ಕ ಕೂತರು.

"ನಾನು ಸಹ ನೋಡಿದೆ ಮಾರಾಯ್ರೆ. ಅವ ನಿಜವಾದ ಗ್ಯಾಸಿನವ ಅಲ್ಲ. ಸಿಲಿಂಡರ್ ಖಾಲಿ ಉಂಟು, ಒಂದೇ ಕೈಯಲ್ಲಿ ಎತ್ತಿಕೊಂಡು ನಿಂತಿದ್ದಾನೆ. ಎಂತಕ್ಕೆ ಬಂದದ್ದು ಅಂತ ಮುಂದಿನ ಭಾನುವಾರ ಗೊತ್ತಾಗುದು."

ನನ್ನ ಗಂಡ ತಿರುಗಿದರು. "ಹಾಗೆ ಹೇಳು," ಎಂದರು. ನಕ್ಕರು. ನಕ್ಕು ನನ್ನ ಕಡೆ ನೋಡಿದರು, ನಾನು ನಕ್ಕೆನೋ ಎಂದು. ನಾನು ನಕ್ಕೆ. ಆ ವಾರವೆಲ್ಲ ಭಾನುವಾರಕ್ಕೆ ಎಷ್ಟು ದಿನವೆಂದು ನರ್ಸಿನ ಹತ್ತಿರ ಕೇಳುತ್ತಿದ್ದರು. ಶನಿವಾರ ಬೆಳಿಗ್ಗೆ ತೀರಿಕೊಂಡರು. ನೀವು ಮೂರು ವರ್ಷ ಕಾಯಿಸಿದಿರಿ, ನಾನೂ ಮೂಸಕುಂಞಿಯೂ ಐದು ದಿನ ಕಾಯಿಸಿದೆವು. ತಪ್ಪು ನಿಮ್ಮದು ಮಾತ್ರ ಎಂದು ಬರೆಯುವ ಧೈರ್ಯ ನನಗಿಲ್ಲ.

ನಮ್ಮಲ್ಲಿ ತೀರಿಕೊಂಡವರಿಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆ ಎಲೆಯಲ್ಲಿ ಬಡಿಸುವ ಕ್ರಮ ಉಂಟು. ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ, ಅವರು ನೆಮ್ಮದಿಯಲ್ಲಿ ಉಣ್ಣಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಬಡಿದು, ಆಮೇಲೆಯೇ ತೆರೆಯುವುದು. ಉತ್ತರಕ್ರಿಯೆಯ ದಿನ ಹುರಿದ ಬಂಗುಡೆ, ಕೋಳಿ ಸಾರು, ಹಾಲಿಲ್ಲದ ಕಣ್ಣ ಚಾ ಎಲ್ಲ ಇಟ್ಟೆ. ಬಡಿಯಲು ಹಿರಿಯರು ನನಗೆ ಹೇಳಿದರು. ಕೈ ಎತ್ತಿದೆ. ಆಗ ನನಗೆ ಆ ಕೊನೆಯ ಕಂತು ನೆನಪಾಯಿತು. ಒಳಗೆ ಅವರು ಊಟದ ಕೈಯಲ್ಲೇ ಎದ್ದು ನಿಂತಿರಬಹುದು ಅನ್ನಿಸಿತು. ಎತ್ತಿದ ಕೈ ಅಲ್ಲೇ ನಿಂತಿತು. ಅಂಗಳದಲ್ಲಿದ್ದ ಮೂಸಕುಂಞಿ ತಲೆಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡರು. ಕೊನೆಗೆ ಬಾಗಿಲು ಬಡಿದದ್ದು ನನ್ನ ಮೈದುನ.

ಬರುವ ತಿಂಗಳು ಅವರ ವರ್ಷಾಂತ, ತೀರಿಕೊಂಡು ಒಂದು ವರ್ಷ. ಮತ್ತೆ ಎಲೆ ಹಾಕುತ್ತೇನೆ, ಮತ್ತೆ ಬಾಗಿಲು ಎಳೆದುಕೊಳ್ಳುತ್ತೇವೆ. ಈ ಸಲ ನಾನೇ ಬಡಿಯಬೇಕು. ನನಗೆ ಮೂರನೇ ಸರಣಿ ಬೇಡ. ಅದನ್ನು ನಾನು ಒಬ್ಬಳೇ ಕೂತು ನೋಡಲಾರೆ. ನೀವು ಇನ್ನೂ ಹತ್ತು ವರ್ಷ ತೆಗೆದುಕೊಳ್ಳಿ. ನಿಮ್ಮ ಬರಹಗಾರರನ್ನು ಕೇಳಿ, ಬಡಿದದ್ದು ಯಾರೆಂದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಅವರಿಗೂ ಗೊತ್ತಿಲ್ಲವಾದರೆ ಗೊತ್ತಿಲ್ಲವೆಂದೇ ಬರೆಯಿರಿ. ಹಾಗಾದರೆ ಆ ಖಾಲಿ ಸಿಲಿಂಡರಿನ ಕಥೆಯನ್ನೇ ಮುಂದುವರಿಸಲು ಮೂಸಕುಂಞಿಗೆ ಹೇಳುತ್ತೇನೆ. ನಿಜಕ್ಕೂ ಗ್ಯಾಸಿನವನೇ ಆಗಿದ್ದರೆ ಅದನ್ನೂ ಬರೆಯಿರಿ. ಆದರೆ ವರ್ಷಾಂತದ ಮೊದಲು ತಲುಪಬೇಕು. ಒಳಗಿನಿಂದ "ಯಾರಂತೆ?" ಎಂದು ಕೇಳಿದರೆ ನಾನು ಅವರಿಗೆ ಇನ್ನೊಂದು ಸುಳ್ಳು ಹೇಳಲಾರೆ.

ಇಂತಿ,
ಎಲೆ ಹಾಕಿ ಹೊರಗೆ ನಿಂತಿರುವ,
ಸೇವಂತಿ
(ಡ್ರೈವರ್ ಚೆನ್ನಕೇಶವರ ಹೆಂಡತಿ)
ಜಾಲ್ಸೂರು