ಜಿಗುಟಿಲ್ಲದ ಹಿಟ್ಟು

ಗ್ರೂನ್‌ಫೆಲ್ಡ್, ಕಾನ್ಸಾಸ್
೧೭ ಏಪ್ರಿಲ್ ೨೦೦೭, ಮಂಗಳವಾರ

ಪ್ರೀತಿಯ ಆರ್ಡನ್,

ನಾಲ್ಕು ವರ್ಷಗಳಿಂದ ನಿನಗೆ ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ಬೇರೇನೂ ಕಳಿಸಿಲ್ಲ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಜಾನೆಲ್‌ಗೋ ಅವಳ ಮಗುವಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಇಬ್ಬರೂ ವಿಚಿಟಾದಲ್ಲಿ ಚೆನ್ನಾಗಿದ್ದಾರೆ. ಹೋದದ್ದು ನಮ್ಮ ಡಸ್ಟಿ. ಮಾರ್ಚ್ ಹನ್ನೊಂದರ ಭಾನುವಾರ, ಅಡಿಗೆಮನೆಯ ಕಿಟಕಿಯ ಕೆಳಗೆ, ಬಿಸಿಲು ಬೀಳುವ ಅದರ ಜಾಗದಲ್ಲೇ.

ಇಷ್ಟು ದಿನ ತಿಳಿಸದಿದ್ದುದಕ್ಕೆ ಕಾರಣವಿದೆ, ಆಮೇಲೆ ಬರೆಯುತ್ತೇನೆ. ಮೊದಲು ಸ್ವಲ್ಪ ಹೊತ್ತು ಅದನ್ನು ಬದುಕಿಸಿಕೊಳ್ಳಲು ಬಿಡು.

ನೀನು ಅದನ್ನು ಗಿರಣಿಯಿಂದ ತಂದ ದಿನ ನೆನಪಿದೆಯೇ? ನಿನ್ನ ಹುಬ್ಬು, ಕಿವಿಯ ಕೂದಲು, ಷೂಸಿನ ದಾರ ಎಲ್ಲ ಬೆಳ್ಳಗಿದ್ದವು. ಅಂಗಿಯೊಳಗಿಂದ ಅಂಗೈಯಗಲದ ಇನ್ನೊಂದು ಬಿಳಿ ಮುದ್ದೆ ತೆಗೆದು ಮೇಜಿನ ಮೇಲಿಟ್ಟೆ. ಅದು ಸೀನಿತು. ಹಿಟ್ಟು ಹಾರಿ ಒಳಗಿನಿಂದ ಬೂದು ಬಣ್ಣದ ಬೆಕ್ಕಿನ ಮರಿ ಹೊರಬಿತ್ತು. ಜಾನೆಲ್‌ಗೆ ಆಗ ಹನ್ನೊಂದು. "ಅಪ್ಪಾ, ಇದನ್ನ ಜರಡಿ ಹಿಡಿದು ತಂದ್ಯಾ?" ಎಂದಳು. ನೀನು ಅಷ್ಟು ನಕ್ಕದ್ದನ್ನು ಆಮೇಲೆ ನಾನು ಹೆಚ್ಚು ಸಲ ನೋಡಲಿಲ್ಲ.

ಆಗ ಊರೆಲ್ಲ ಗಿರಣಿಯ ವಾಸನೆ. ಒಗೆದ ಬಟ್ಟೆಗೂ ಹಸಿ ಗೋಧಿಯ ವಾಸನೆ, ನಿನ್ನ ಕುತ್ತಿಗೆಗೂ ಅದೇ. ಮದುವೆಯಾದ ಹೊಸದರಲ್ಲಿ ನನ್ನನ್ನು ತೊಟ್ಟಿಯ ಮುಂದೆ ನಿಲ್ಲಿಸಿ, ನಲ್ಲಿಯ ಕೆಳಗೆ ಕಣಕದ ಉಂಡೆ ತೊಳೆಯುವುದನ್ನು ಕಲಿಸಿದ್ದೆ. ಬಿಳಿಯೆಲ್ಲ ಹಾಲಿನಂತೆ ಹರಿದುಹೋಗಿ ಕೊನೆಗೆ ಗ್ಲುಟೆನ್ ಎಂಬ ರಬ್ಬರಿನಂಥ ಜಿಗುಟು ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. "ಕಾಗದ ಸುಳ್ಳು ಹೇಳುತ್ತೆ ಲವೋನ್, ಇದು ಹೇಳಲ್ಲ" ಎನ್ನುತ್ತಿದ್ದೆ. ನಮ್ಮ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನೀನು ಹೇಳಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು.

ಗಿರಣಿ ಮುಚ್ಚಿದ್ದಕ್ಕೆ ನಾನು ಕಾರಣಳಲ್ಲ. ಆದರೆ ಡಬ್ಬಿಯ ಊಟ ಗಟ್ಟಿಯಾಗಲೆಂದು ನಿನ್ನ ಗಿರಣಿಯಿಂದ ಕೊಳ್ಳುತ್ತಿದ್ದ ಜಿಗುಟಿನ ಪುಡಿಯನ್ನು ಬಿಟ್ಟು ಕಡಲಾಚೆಯ ಅಗ್ಗದ ಮೂಟೆ ಕೊಂಡ ಕಾರ್ಖಾನೆಗೇ, ಬೆಕ್ಕು ನಾಯಿಗಳ ಡಬ್ಬಿ ತುಂಬುವ ಆ ಕಾರ್ಖಾನೆಗೇ, ನಾನು ಕೆಲಸಕ್ಕೆ ಸೇರಿದೆ. "ಹೋಗು, ಅವರ ಉಪ್ಪು ತಿನ್ನು. ನನ್ನ ಮುಂದೆ ಮಾತ್ರ ತಿನ್ಬೇಡ" ಎಂದೆ ನೀನು. ನನ್ನನ್ನು ಬಿಟ್ಟು ನೆಬ್ರಾಸ್ಕಾಕ್ಕೆ ಹೊರಟಾಗ ನೀನು ಡಸ್ಟಿಯನ್ನು ಕರೆದೊಯ್ಯಲು ಬುಟ್ಟಿ ತಂದು, ಅದು ಕಿಟಕಿಯ ಕೆಳಗೆ ಮಲಗಿದ್ದನ್ನು ನೋಡಿ ಬುಟ್ಟಿಯನ್ನು ಬಿಟ್ಟುಹೋದೆ. ನನ್ನನ್ನು ನಂಬಿ ನೀನು ಬಿಟ್ಟುಹೋದ ಒಂದೇ ಒಂದು ಜೀವ ಅದು.

ಈಗ ವಿಷಯಕ್ಕೆ ಬರುತ್ತೇನೆ. ನೀನೂ ಟಿವಿಯಲ್ಲಿ ನೋಡಿರುತ್ತೀ. ನನ್ನ ಕೆಲಸ ಮೂಟೆಗಳು ಬಂದಿಳಿಯುವ ಕಟ್ಟೆಯಲ್ಲಿ. ಲಾರಿ ಬಂದಾಗ ಚೀಟಿ ನೋಡಿ ಮೂಟೆ ಒಳಗೆ ತೆಗೆದುಕೊಳ್ಳುವವಳು ನಾನು. ಫೆಬ್ರವರಿ ಕೊನೆಯಲ್ಲಿ, ರುಚಿ ನೋಡಲೆಂದು ಕಾರ್ಖಾನೆಯಲ್ಲಿ ಸಾಕಿದ್ದ ಬೆಕ್ಕುಗಳು ತಟ್ಟೆ ಮೂಸಿ ಹಿಂದೆ ಸರಿಯತೊಡಗಿದವು. ಆಮೇಲೆ ನೀರು ಕುಡಿದೇ ಕುಡಿದವು. ಆಮೇಲೆ ಸತ್ತವು. ನಮಗೆ ಯಾರೂ ಏನೂ ಹೇಳಲಿಲ್ಲ. ಮಾರ್ಚ್ ಮೊದಲ ವಾರ ನಾನು ಆ ಮೂಟೆಯಿಂದ ಒಂದು ಹಿಡಿ ಪುಡಿಯನ್ನು ಏಪ್ರನ್ನಿನ ಜೇಬಿನಲ್ಲಿ ಮನೆಗೆ ತಂದು ನೀರು ಹಾಕಿ ನಾದಿದೆ, ನಲ್ಲಿಯ ಕೆಳಗೆ ತೊಳೆದೆ. ಆರ್ಡನ್, ಎಲ್ಲ ಹಾಲಾಗಿ ಹರಿದುಹೋಯಿತು. ಕೈಯಲ್ಲಿ ಉಳಿದದ್ದು ಕಡಲೆಕಾಳಿನಷ್ಟು. ಮೂಟೆಯ ಮೇಲೆ ಗೋಧಿಯ ಜಿಗುಟು ಎಂದು ಬರೆದಿತ್ತು. ಒಳಗಿದ್ದದ್ದು ಬರೀ ಹಿಟ್ಟು.

ಮೇಲ್ವಿಚಾರಕ ರಾಯ್ಸ್‌ಗೆ ಹೇಳಿದೆ. ಅವನು ಚೀಟಿಯ ಮೇಲೆ ಬೆರಳು ಕುಟ್ಟಿ, "ಇಲ್ನೋಡು, ಪ್ರೋಟೀನ್ ಎಷ್ಟಿರ್ಬೇಕೋ ಅಷ್ಟಿದೆ. ನಿನ್ ಅಡಿಗೆಮನೆ ನಲ್ಲೀನ ಯಾರ್ ಕೇಳಿದ್ರು?" ಎಂದ. ಹಿಟ್ಟಿಗೆ ಅಷ್ಟು ಪ್ರೋಟೀನ್ ಎಲ್ಲಿಂದ ಬಂತು ಎಂದು ಆಗ ನಮಗೆ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಮಾಡಲು ಬಳಸುವ ಮೆಲಮೈನ್ ಎಂಬ ಪುಡಿಯನ್ನು ಬೆರೆಸಿ ಅಳತೆಗೆ ಮೋಸ ಮಾಡಿದ್ದರಂತೆ. ಅದು ಬೆಕ್ಕುಗಳ ಮೂತ್ರಪಿಂಡದಲ್ಲಿ ಹರಳುಗಟ್ಟಿತು. ನಾನು ಮೋಸ ಎಂದುಕೊಂಡಿದ್ದೆ, ವಿಷ ಎಂದುಕೊಂಡಿರಲಿಲ್ಲ.

ನಿನಗೆ ಫೋನು ಮಾಡಲು ಹೊರಟೆ. ಏಳು ಅಂಕಿ ಒತ್ತಿ ಕೆಳಗಿಟ್ಟೆ. ನಿನ್ನ ಬಾಯಲ್ಲಿ "ನಾನ್ ಹೇಳಿರ್ಲಿಲ್ವಾ" ಎಂದು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಡಸ್ಟಿ ಸತ್ತ ಐದನೇ ದಿನ ಕಾರ್ಖಾನೆಯವರು ಡಬ್ಬಿಗಳನ್ನೆಲ್ಲ ಅಂಗಡಿಗಳಿಂದ ವಾಪಸು ತರಿಸಿಕೊಂಡರು. ಆಮೇಲೆ ಊರು ಊರಾಗಿ ಉಳಿಯಲಿಲ್ಲ. ಅಂಗಡಿಯಲ್ಲಿ ಜನ ಡಬ್ಬಿಯ ತಳ ತಿರುಗಿಸಿ, ಕನ್ನಡಕ ಏರಿಸಿ ಅಂಕಿ ಓದುತ್ತಾರೆ. ಚರ್ಚಿನ ಊಟದ ದಿನ ನಾನು ಜ್ವೀಬಾಕ್ ಬನ್ನು ಮಾಡಿ ಒಯ್ದರೆ, ಮೂವತ್ತು ವರ್ಷದಿಂದ ಅದನ್ನು ತಿಂದವರೇ "ಹಿಟ್ಟು ಎಲ್ಲೀದು ಲವೋನ್?" ಎಂದು ಕೇಳಿದರು. ಅರ್ಧಕ್ಕರ್ಧ ಮನೆಗೆ ವಾಪಸು ಬಂದವು. ಆ ಪುಡಿ ಬೆರೆತ ಮೇವನ್ನೇ ಹಂದಿಗಳಿಗೂ ಹಾಕಿದ್ದಾರಂತೆ ಎಂಬ ಸುದ್ದಿ ಬೇರೆ ಹಬ್ಬಿದೆ. ಜಾನೆಲ್ ಫೋನು ಮಾಡಿ, "ಅಮ್ಮಾ, ಮಗು ಬಿಸ್ಕತ್ತಲ್ಲೂ ಗೋಧಿ ಇರುತ್ತಲ್ವಾ? ಇದನ್ನೆಲ್ಲ ನೋಡೋರು ಯಾರೂ ಇಲ್ವಾ?" ಎಂದಳು. ನಾನು ಒಲೆ ಮೇಲೆ ಏನೋ ಉಕ್ಕುತ್ತಿದೆ ಎಂದು ಫೋನಿಟ್ಟೆ. ನೋಡುವವಳು ನಾನೇ ಆಗಿದ್ದೆನಲ್ಲ.

ಪಕ್ಕದ ಮನೆಯ ಎಲ್ಡಾ ಕೇಲರ್ ನಿನಗೆ ಗೊತ್ತು. ಈಗ ಎಂಬತ್ತನಾಲ್ಕು. ಅವಳ ಗಂಡುಬೆಕ್ಕು ಪೀಟರ್‌ಗೂ ನಾನೇ ನೌಕರರ ಪಾಲಿನ ಡಬ್ಬಿಗಳನ್ನು ತಂದುಕೊಡುತ್ತಿದ್ದೆ. ಅವನು ಉಳಿದಿದ್ದಾನೆ, ಆದರೆ ದಿನಾ ಬೆಳಿಗ್ಗೆ ಚರ್ಮದ ಕೆಳಗೆ ಸಲೈನ್ ನೀರು ಏರಿಸಬೇಕು. ಎಲ್ಡಾಳ ಕೈ ನಡುಗುತ್ತದೆ, ಸೂಜಿ ಚುಚ್ಚುವವಳು ನಾನು. ಮೊನ್ನೆ ತಡೆಯಲಾರದೆ, "ಆ ಡಬ್ಬಿ ನಾನು ತಂದದ್ದು" ಎಂದೆ. ಅವಳು ನನ್ನ ಕೆನ್ನೆ ತಟ್ಟಿದಳು. "ಗೊತ್ತು ಕಣೇ ಹುಡುಗಿ. ನಿನಗೇನ್ ಕನಸು ಬಿದ್ದಿತ್ತಾ? ಅತ್ತಿದ್ದು ಸಾಕು, ಅವನ ಹಿಂಗಾಲು ಗಟ್ಟಿಯಾಗಿ ಹಿಡ್ಕೋ, ಪರಚ್ತಾನೆ."

ಅವಳು ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಗುರುವಾರ ಸರ್ಕಾರದ ತನಿಖೆಯವರು ಬರುತ್ತಾರೆ. "ಕೇಳಿದ್ದಕ್ಕಷ್ಟೇ ಉತ್ತರ ಕೊಡು, ನಿನ್ನ ಪಿಂಚಣಿಗೆ ಇನ್ನೆರಡೇ ವರ್ಷ" ಎಂದು ರಾಯ್ಸ್ ಕಾಫಿ ತಂದುಕೊಟ್ಟು ಹೇಳಿದ. ಒಳ್ಳೆಯ ಮಾತಿನಲ್ಲೇ ಹೇಳಿದ. ಅವರು ನನ್ನನ್ನು ಏನೂ ಕೇಳಲಿಕ್ಕಿಲ್ಲ, ಮೂಟೆ ಇಳಿಸಿಕೊಳ್ಳುವವಳನ್ನು ಯಾರು ಕೇಳುತ್ತಾರೆ? ಆದರೆ ನಾನೇ ಹೋಗಿ ಅವರ ಮುಂದೆ ಕೂರುತ್ತೇನೆ. ಆ ಪುಡಿ ಇನ್ನೂ ಸ್ವಲ್ಪ ನನ್ನ ಹತ್ತಿರ ಉಪ್ಪಿನಕಾಯಿ ಬಾಟಲಿಯಲ್ಲಿದೆ. ಅವರ ಕಣ್ಣೆದುರಿಗೇ ತೊಳೆದು ತೋರಿಸುತ್ತೇನೆ.

ನಿನ್ನನ್ನು ಬಾ ಎನ್ನುತ್ತಿಲ್ಲ. ಈಸ್ಟರ್ ಹೊತ್ತಿನ ಹಿಮಕ್ಕೆ ಇಲ್ಲಿಯ ಗೋಧಿಯೆಲ್ಲ ಸುಟ್ಟಂತಾಗಿದೆ, ನೋಡಿದರೆ ನಿನಗೆ ಸಂಕಟವಾದೀತು. ನಿನ್ನ ಮಾತು ನಿಜವಾಯಿತು ಎಂದು ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು, ಅಷ್ಟೇ. ಡಸ್ಟಿಯನ್ನು ಲೈಲಾಕ್ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದೇನೆ.

ಈಗಲೂ ನಿನ್ನ ಹೆಸರನ್ನೇ ಇಟ್ಟುಕೊಂಡಿರುವ,
ಲವೋನ್ ಉನ್ರು

ಮತ್ತೊಂದು ಮಾತು: ಲಕೋಟೆಗೆ ಹಾಕುವ ಮುಂಚೆ ಎಲ್ಲ ಓದಿದೆ. ಒಂದು ಸುಳ್ಳಿದೆ. ರಾಯ್ಸ್‌ಗೆ ಹೇಳಿದ್ದು ಮಾರ್ಚಿನಲ್ಲಿ, ನಿಜ. ಆದರೆ ನಾನು ಹಿಟ್ಟು ತೊಳೆದು ನೋಡಿದ್ದು ಮಾರ್ಚಿನಲ್ಲಲ್ಲ, ಡಿಸೆಂಬರಿನಲ್ಲಿ. ನಿನಗೆ ಕ್ರಿಸ್‌ಮಸ್ ಕಾರ್ಡು ಬರೆದ ವಾರ. ಆಮೇಲೂ ಮೂರು ತಿಂಗಳು ಅದೇ ಡಬ್ಬಿಯನ್ನು ಡಸ್ಟಿಯ ತಟ್ಟೆಗೆ ಹಾಕಿದೆ. ಹಾಕುವುದನ್ನು ನಿಲ್ಲಿಸಿದ್ದರೆ ನನಗೆ ಗೊತ್ತಿತ್ತು ಎಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಗುರುವಾರ ಅವರಿಗೆ ಡಿಸೆಂಬರ್ ಎಂದೇ ಹೇಳುತ್ತೇನೆ. ಅಲ್ಲಿಂದ ಬಂದಮೇಲೆ ಎಲ್ಡಾಳಿಗೂ.